ಓದುಗರ ಪ್ರಶ್ನೆ: ದಾಕ್ಷಿಣ್ಯದ ‘ಹೂಂ’, ಚುಕ್ಕೆಯ ಗುಂಟೆ, ಎರಡು ಸಲ ಬಿದ್ದ ಉದ್ರಿ

ಈ ಸಂಚಿಕೆಗೆ ಬಂದ ಪ್ರಶ್ನೆಗಳೆಲ್ಲ ಸಾಫ್ಟ್‌ವೇರ್ ಕಟ್ಟುವವರವು. ಮೈಸೂರು, ಮಂಡ್ಯ ಸೀಮೆಯ ಸಣ್ಣ ತಂಡಗಳೂ ವಿದ್ಯಾರ್ಥಿಗಳೂ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಎಲ್ಲರಿಗೂ ಊರಿನ ಹೆಸರಷ್ಟೇ. ಪ್ರಶ್ನೆಗಳನ್ನು ಚಿಕ್ಕದು ಮಾಡಿದ್ದೇವೆ.

ಪ್ರ: ಹಾಲು ಉತ್ಪಾದಕರ ಸಂಘಗಳಿಗೆಂದು ಆ್ಯಪ್ ಮಾಡಿದ್ದೇವೆ. ಶುರು ಮಾಡುವ ಮೊದಲು ಹತ್ತಾರು ಕಾರ್ಯದರ್ಶಿಗಳನ್ನು ‘ಇಂಥದ್ದು ಬಂದರೆ ಬಳಸುತ್ತೀರಾ’ ಎಂದು ಕೇಳಿದ್ದೆವು. ಎಲ್ಲರೂ ‘ಬೇಕೇ ಬೇಕು ಸಾರ್’ ಅಂದರು. ಈಗ ಕೊಟ್ಟರೆ ಬೆಳಿಗ್ಗೆ ಪುಸ್ತಕದಲ್ಲೇ ಬರೆದುಕೊಂಡು, ಬಿಡುವಾದಾಗ ಆ್ಯಪ್‌ಗೆ ತುಂಬುತ್ತಾರೆ. ಎಡವಿದ್ದೆಲ್ಲಿ? — ಮಂಡ್ಯ

ಉ: ಕೇಳಿದ ಪ್ರಶ್ನೆಯಲ್ಲೇ. ‘ಬಳಸುತ್ತೀರಾ’ ಎಂದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಊರಿಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬ ದಾಕ್ಷಿಣ್ಯ ಅದು, ಮಾರುಕಟ್ಟೆಯ ಮಾಹಿತಿ ಅಲ್ಲ. ಮುಂದೆ ಏನು ಮಾಡುತ್ತೀರಿ ಎಂದು ಕೇಳುವುದನ್ನು ಬಿಡಿ, ನಿನ್ನೆ ಏನು ಮಾಡಿದಿರಿ ಎಂದು ಕೇಳಿ. ‘ನಿನ್ನೆ ಬೆಳಿಗ್ಗೆ ಮೊದಲ ಕ್ಯಾನ್ ಬಂದಾಗ ಏನೇನು ಬರೆದಿರಿ? ಯಾವ ಕ್ರಮದಲ್ಲಿ?’ ‘ಕಳೆದ ಬಟವಾಡೆಯಲ್ಲಿ ಯಾರಾದರೂ ತಕರಾರು ತೆಗೆದರಾ? ಅವರಿಗೆ ಏನು ತೋರಿಸಿದಿರಿ?’ ಇಂಥ ಪ್ರಶ್ನೆಗೆ ದಾಕ್ಷಿಣ್ಯದ ಉತ್ತರ ಕೊಡುವುದು ಕಷ್ಟ.

ಕೇಳುವುದಕ್ಕಿಂತ ನೋಡುವುದು ಮೇಲು. ಹಾಲು ಹಾಕಿಸಿಕೊಳ್ಳುವ ಹೊತ್ತಿಗೆ ಹೋಗಿ, ಸಾಲಿಗೆ ಅಡ್ಡವಾಗದೆ ಕಾರ್ಯದರ್ಶಿಯ ಬೆನ್ನ ಹಿಂದೆ ನಿಂತುಕೊಳ್ಳಿ. ಒಂದು ಕೈಯಲ್ಲಿ ಸ್ಯಾಂಪಲ್ ಬಾಟಲಿ, ಇನ್ನೊಂದರಲ್ಲಿ ಪೆನ್ನು. ಎರಡೂ ಕೈ ಒದ್ದೆ. ಟಚ್ ಸ್ಕ್ರೀನ್ ಮೇಲೆ ನೀರಿನ ಹನಿ ಬಿದ್ದರೆ ಒತ್ತಿದ್ದು ಒಂದು, ಹತ್ತುವುದು ಇನ್ನೊಂದು. ಸದಸ್ಯರ ನಂಬರನ್ನು ಸಾಲಿನಲ್ಲಿದ್ದವರೇ ಕೂಗುತ್ತಾರೆ, ಯಾರೂ ಪಟ್ಟಿಯಿಂದ ಹೆಸರು ಹುಡುಕುವುದಿಲ್ಲ. ನಿಮ್ಮ ಆ್ಯಪ್ ಹೆಸರಿನ ಪಟ್ಟಿಯಿಂದ ಶುರುವಾಗುತ್ತಿದ್ದರೆ ಅಲ್ಲಿಗೇ ಸೋತಿತು. ಕೆಲವು ಕಡೆ ಫ್ಯಾಟ್ (ಹಾಲಿನ ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಆಗಲೇ ನೋಡುತ್ತಾರೆ, ಕೆಲವು ಕಡೆ ಬಾಟಲಿಗಳನ್ನು ಸಾಲಾಗಿಟ್ಟು ಕೊನೆಗೆ ನೋಡುತ್ತಾರೆ. ಫ್ಯಾಟ್ ತುಂಬದೆ ಮುಂದಿನ ಸದಸ್ಯರಿಗೆ ಹೋಗಲು ಬಿಡದ ಪರದೆ ಎರಡನೆಯ ರೀತಿಯ ಸಂಘದಲ್ಲಿ ನಡೆಯುವುದೇ ಇಲ್ಲ.

ಪುಸ್ತಕದ ಬಲ ಏನೆಂಬುದೂ ಅಲ್ಲೇ ಕಾಣುತ್ತದೆ. ‘ನೆನ್ನೆ 4.1 ಬಂದಿತ್ತಲ್ಲಣ್ಣ, ಇವತ್ತೇನು 3.6?’ ಎಂದು ಯಾರೋ ಕೇಳುತ್ತಾರೆ. ಬೆರಳು ಹಿಂದಿನ ಪುಟಕ್ಕೆ ಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಅದೇ ಮಾತಿಗೆ ಆ್ಯಪ್‌ನಲ್ಲಿ ಮೂರು ನಾಲ್ಕು ಪರದೆ ದಾಟಬೇಕಾದರೆ ಯಾವ ಕಾರ್ಯದರ್ಶಿಯೂ ಪುಸ್ತಕ ಬಿಡುವುದಿಲ್ಲ. ಪುಸ್ತಕವನ್ನು ಹಳೆ ಅಭ್ಯಾಸ ಎಂದು ತಳ್ಳಿಹಾಕಬೇಡಿ. ನಿಮಗೆ ಬೇಕಾದ ವಿನ್ಯಾಸ ಅದರಲ್ಲೇ ಇದೆ.

ಹಾಗಾಗಿ ಮಾಡಬೇಕಾದದ್ದು ಇಷ್ಟು. ಬಟನ್ ಇರುವ ಪುಟ್ಟ ನಂಬರ್ ಕೀಪ್ಯಾಡ್ ಜೋಡಿಸಿ. ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಎಲ್ಲವೂ ಎಂಟರ್ ಒತ್ತಿಯೇ ಮುಂದೆ ಸಾಗಲಿ. ಅದೇ ಸದಸ್ಯರ ಹಿಂದಿನ ಸರದಿಯ ಫ್ಯಾಟ್ ಪಕ್ಕದಲ್ಲೇ ಕಾಣಲಿ. ಫ್ಯಾಟ್ ಖಾಲಿ ಬಿಡಲು ಅವಕಾಶವಿರಲಿ, ಖಾಲಿ ಉಳಿದವು ಬೇರೆ ಬಣ್ಣದಲ್ಲಿರಲಿ. ಆಮೇಲೆ ಕಂಡ ಒಂದೊಂದನ್ನೂ ಟೆಸ್ಟ್ ಪಟ್ಟಿಗೆ ಏರಿಸಿ: ಒದ್ದೆ ಬೆರಳು, ಒಂದೇ ನಂಬರ್ ಎರಡು ಸಲ ಬಂದದ್ದು, ಮೂರು ಸಾಲು ಹಿಂದಿನದನ್ನು ತಿದ್ದಿದ್ದು, ನಡುವೆ ಕರೆಂಟು ಹೋದದ್ದು. ನೋಡಿದ್ದು ಟೆಸ್ಟ್ ಆಗದೆ ಬರೀ ವರದಿಯಾಗಿ ಉಳಿದರೆ ಹೋಗಿ ಬಂದ ಬಸ್ಸಿನ ಖರ್ಚು ದಂಡ.

ಎಷ್ಟು ಜನರನ್ನು ನೋಡಬೇಕು ಎಂದು ಮುಂದೆ ಕೇಳುತ್ತೀರಿ. ಬಳಕೆಯ ತೊಡಕುಗಳನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್, ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಬ್ಬ ಬಳಕೆದಾರರಿಂದ ತೊಡಕುಗಳಲ್ಲಿ ಸುಮಾರು ಶೇ. 31ರಷ್ಟು ಹೊರಬೀಳುತ್ತವೆ, ಐವರಿಂದ ಶೇ. 85ರ ಹತ್ತಿರ. ಐದು ಜನ ಸಾಕು ಎಂಬ ಮಾತು ಹುಟ್ಟಿದ್ದು ಹೀಗೆ. ಆದರೆ 31 ಎಂಬುದು ಅವರು ನೋಡಿದ ಯೋಜನೆಗಳ ಸರಾಸರಿ, ನಿಮ್ಮದರಲ್ಲಿ ಕಡಿಮೆಯೂ ಇರಬಹುದು. ಐವರೂ ಒಂದೇ ಬಗೆಯ ಕೆಲಸದವರಾಗಿರಬೇಕು ಎಂಬ ಷರತ್ತೂ ಇದೆ. ಕಾರ್ಯದರ್ಶಿ ಬೇರೆ, ಹಾಲು ಹಾಕುವವರು ಬೇರೆ. ಎರಡಕ್ಕೂ ಐದೈದು ಜನ ಬೇಕು. ಹದಿನೈದು ಜನರನ್ನು ಒಟ್ಟಿಗೆ ನೋಡುವ ಬದಲು ಐವರನ್ನು ನೋಡಿ, ತಿದ್ದಿ, ಮತ್ತೆ ಬೇರೆ ಐವರನ್ನು ನೋಡಿ.

ಕೆಲಸ ಕೊಡುವಾಗ ಬಟನ್ ಮೇಲಿರುವ ಪದವನ್ನೇ ಬಾಯಲ್ಲಿ ಹೇಳಬೇಡಿ. ‘ಬಟವಾಡೆ ಪಟ್ಟಿ ತೆಗೀರಿ’ ಎಂದರೆ ಅವರು ಅಕ್ಷರ ಹುಡುಕಿ ಒತ್ತುತ್ತಾರೆ, ನಿಮಗೇನೂ ತಿಳಿಯುವುದಿಲ್ಲ. ‘112ನೇ ನಂಬರಿನವರಿಗೆ ಈ ಸಲ ಎಷ್ಟು ದುಡ್ಡು ಬರಬೇಕು, ನೋಡಿ ಹೇಳ್ತೀರಾ?’ ಎನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡಿರಿ. ‘ಇದನ್ನ ಒತ್ಲಾ ಸಾರ್?’ ಎಂದರೆ ‘ನಾವಿಲ್ಲದಿದ್ದರೆ ಏನ್ ಮಾಡ್ತಿದ್ರಿ?’ ಎಂದಷ್ಟೇ ಕೇಳಿ. ತಂಡದಲ್ಲಿ ಆ ಪರದೆ ಬರೆದವರೇ ಪಕ್ಕದಲ್ಲಿ ಕೂತರೆ ತಡೆಯಲಾರದೆ ಕೈ ಚಾಚಿ ತೋರಿಸಿಬಿಡುತ್ತಾರೆ, ಅವರನ್ನು ದೂರ ಕೂರಿಸಿ ಟಿಪ್ಪಣಿ ಬರೆಯಲು ಹೇಳಿ.

ಹಾಲು ಹಾಕುವವರ ಆ್ಯಪ್ ಕೂಡ ಇದ್ದರೆ ಒಂದು ಮಾತು. ಸಂಘದಲ್ಲಿ ಬರೆಸಿರುವ ಮೊಬೈಲ್ ನಂಬರ್ ಎಷ್ಟೋ ಮನೆಗಳಲ್ಲಿ ಬೆಂಗಳೂರಿನಲ್ಲಿರುವ ಮಗನದು. ಒಟಿಪಿ ಅಲ್ಲಿಗೆ ಹೋಗುತ್ತದೆ, ಫೋನ್ ಮಾಡಿ ಕೇಳಿಕೊಳ್ಳುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಆ ಅವಧಿ ಎಷ್ಟಿರಬೇಕು ಎಂಬುದನ್ನು ನೀವು ಕಚೇರಿಯಲ್ಲಿ ಕೂತು ಹೇಳಲಾರಿರಿ.

ಪ್ರ: ಅಂತಿಮ ವರ್ಷದ ಪ್ರಾಜೆಕ್ಟಿಗೆ ಜಮೀನಿನ ವಿಸ್ತೀರ್ಣ ಕೂಡುವ, ಪಾಲು ಮಾಡುವ ಪ್ರೋಗ್ರಾಂ ಬರೆದಿದ್ದೇವೆ. ನಮ್ಮ ಟೆಸ್ಟ್ ಎಲ್ಲ ಪಾಸ್. ಊರಿನವರು ಮಾತ್ರ ಲೆಕ್ಕ ತಪ್ಪು ಅನ್ನುತ್ತಾರೆ. ಉದಾಹರಣೆಗೆ 1.10ಕ್ಕೆ 1.10 ಕೂಡಿದರೆ 2.20 ಸರಿಯಾಗಿಯೇ ಬರುತ್ತದೆ. — ಮೈಸೂರು

ಉ: ನೀವು ಆರಿಸಿಕೊಂಡ ಉದಾಹರಣೆಯೇ ನಿಮಗೆ ಮೋಸ ಮಾಡಿದೆ. ವಿಸ್ತೀರ್ಣವನ್ನು 2.20 ಎಂದು ಬರೆದರೆ ಅದು 2 ಎಕರೆ 20 ಗುಂಟೆ. ನಡುವಿನ ಚುಕ್ಕೆ ದಶಮಾಂಶದ್ದಲ್ಲ, ಬರೀ ಬೇಲಿ. 40 ಗುಂಟೆಗೆ 1 ಎಕರೆ, 16 ಆಣೆಗೆ 1 ಗುಂಟೆ. ಗುಂಟೆಗಳ ಮೊತ್ತ 40 ಮುಟ್ಟದಿರುವವರೆಗೂ ದಶಮಾಂಶದ ಕೂಡುವಿಕೆ ಸರಿಯಾದ ಉತ್ತರವನ್ನೇ ಕೊಡುತ್ತದೆ. 2.20ಕ್ಕೆ 1.30 ಕೂಡಿ ನೋಡಿ. ನಿಮ್ಮ ಪ್ರೋಗ್ರಾಂ 3.50 ಅನ್ನುತ್ತದೆ. ಸರಿಯಾದದ್ದು 4 ಎಕರೆ 10 ಗುಂಟೆ.

ಪಾಲು ಮಾಡುವಾಗಲೂ ಇದೇ ಆಟ. 2.20ನ್ನು ಇಬ್ಬರಿಗೆ ಹಂಚಿದರೆ 1.10, ಸರಿ. 3.10ನ್ನು ಹಂಚಿದರೆ ಪ್ರೋಗ್ರಾಂ 1.55 ಅನ್ನುತ್ತದೆ, 55 ಗುಂಟೆ ಎಂಬುದು ಆ ಜಾಗದಲ್ಲಿ ಇರಲಿಕ್ಕೇ ಆಗದ ಸಂಖ್ಯೆ. 130 ಗುಂಟೆಯ ಅರ್ಧ 65, ಅಂದರೆ 1 ಎಕರೆ 25 ಗುಂಟೆ. ಇನ್ನೊಂದು ಹುಳುಕು ಕಣ್ಣಿಗೆ ಬೀಳುವುದೇ ಇಲ್ಲ: 2.20 ಎಂದು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಸಂಖ್ಯೆಯೆಂದು ಓದಿ, ಕೊನೆಯ ಸೊನ್ನೆ ನುಂಗಿ 2.2 ಎಂದು ತೋರಿಸುತ್ತದೆ. ಓದುವವರು 2 ಎಕರೆ 2 ಗುಂಟೆ ಎಂದುಕೊಳ್ಳುತ್ತಾರೆ. ಹದಿನೆಂಟು ಗುಂಟೆ ಗಾಳಿಗೆ ಹೋಯಿತು. ಗುಂಟೆಗೆ 1089 ಚದರಡಿಯ ಲೆಕ್ಕದಲ್ಲಿ ಅದು 19,602 ಚದರಡಿ. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಲು ಇಷ್ಟು ಬೇಡ.

ಪರಿಹಾರ: ಎಕರೆ, ಗುಂಟೆ, ಆಣೆಗೆ ಬೇರೆ ಬೇರೆ ಖಾನೆ ಕೊಡಿ. ಒಳಗೆ ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣ ಸಂಖ್ಯೆಯಾಗಿ ಇಟ್ಟುಕೊಳ್ಳಿ, ಎಕರೆಗೆ 640 ಆಣೆ. ಲೆಕ್ಕವೆಲ್ಲ ಆಣೆಯಲ್ಲೇ ನಡೆಯಲಿ, ತೋರಿಸುವಾಗ ಮಾತ್ರ ಎಕರೆ-ಗುಂಟೆಗೆ ಏರಿಸಿ. ದುಡ್ಡಿನ ಲೆಕ್ಕಕ್ಕೂ ಇದೇ ನಿಯಮ, ಪೈಸೆಯಲ್ಲಿ ಇಡಬೇಕು. ಪೈಥಾನ್, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳ ಸಾಮಾನ್ಯ ಫ್ಲೋಟ್ ಬಗೆಯಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ.

ಟೆಸ್ಟಿಗೆ ಸಂಖ್ಯೆ ಆರಿಸುವುದು ಅಂಚಿನಲ್ಲಿ. ಗುಂಟೆಯ ಖಾನೆಗೆ 0, 1, 39, 40, 41. ಆಣೆಗೆ 15 ಮತ್ತು 16. 39 ಒಪ್ಪಬೇಕು. 40 ಹಾಕಿದರೆ ಏನಾಗಬೇಕು? ತಪ್ಪು ಎನ್ನಬೇಕೇ, 1 ಎಕರೆ ಎಂದು ಏರಿಸಬೇಕೇ? ಇದನ್ನು ನೀವು ತೀರ್ಮಾನಿಸಬೇಡಿ, ಗ್ರಾಮ ಆಡಳಿತಾಧಿಕಾರಿಯನ್ನೋ ಸರ್ವೆಯರನ್ನೋ ಕೇಳಿ. 2 ಎಕರೆ 20 ಗುಂಟೆಯನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ 33 ಗುಂಟೆ 5 ಆಣೆ, ಒಂದು ಆಣೆ ಮಿಗುತ್ತದೆ. ಆ ಒಂದು ಆಣೆ ಯಾರ ಪಾಲಿಗೆ ಎಂಬುದು ಪ್ರೋಗ್ರಾಮರ್ ಬಗೆಹರಿಸುವ ವಿಷಯ ಅಲ್ಲ. ಎಲ್ಲರ ಪಾಲು ಕೂಡಿದರೆ ಮೂಲ ವಿಸ್ತೀರ್ಣ ಬರಲೇಬೇಕು ಎಂಬ ಟೆಸ್ಟೊಂದನ್ನು ಮಾತ್ರ ತಪ್ಪದೆ ಬರೆಯಿರಿ. ಉದಾಹರಣೆ ಯಾವುದೇ ಇರಲಿ, ಇಂಥ ಹಂಚಿಕೆಯ ತಪ್ಪು ಅದರ ಕೈಗೆ ಸಿಕ್ಕಿಬೀಳುತ್ತದೆ.

ಕೊನೆಯದಾಗಿ, ‘ಬರಬೇಕಾದ ಉತ್ತರ’ದ ಖಾನೆಯನ್ನು ಪ್ರೋಗ್ರಾಂ ಓಡಿಸಿ ತುಂಬಬೇಡಿ. ಕೋಡ್ ಬರೆಯದವರೊಬ್ಬರು ಕಾಗದದ ಮೇಲೆ ಲೆಕ್ಕ ಹಾಕಿ ಕೊಡಲಿ. ಊರಲ್ಲಿ ಜಮೀನಿರುವ ಯಾವ ಮನೆಯಲ್ಲಾದರೂ ಇದನ್ನು ಬಾಯಲ್ಲೇ ಹೇಳುವವರಿದ್ದಾರೆ.

ಪ್ರ: ಶಾಲೆಗಳಿಗೆ ಸಾಫ್ಟ್‌ವೇರ್ ಕೊಡುತ್ತೇವೆ. ಕನ್ನಡದಲ್ಲಿ ತುಂಬಿದ ಹೆಸರು ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಕೆಲವು ಊರಿನ ಹೆಸರು ಅರ್ಧಕ್ಕೆ ಕತ್ತರಿಸುತ್ತದೆ. ಎಸ್‌ಎಂಎಸ್ ಬಿಲ್ ಅಂದಾಜಿಗಿಂತ ಎರಡು ಪಟ್ಟು ಬರುತ್ತಿದೆ. — ಮೈಸೂರು

ಉ: ಮೂರಕ್ಕೂ ಬೇರು ಒಂದೇ. ನಾವು ಎಣಿಸುವ ಅಕ್ಷರ ಬೇರೆ, ಕಂಪ್ಯೂಟರ್ ಎಣಿಸುವುದು ಬೇರೆ. ‘ಶ್ರೀರಂಗಪಟ್ಟಣ’ ನಮಗೆ ಆರು ಅಕ್ಷರ. ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ವ್ಯಂಜನ, ವ್ಯಂಜನವನ್ನು ಅರ್ಧ ಮಾಡುವ ಚಿಹ್ನೆ (್), ಸ್ವರ ಚಿಹ್ನೆ, ಸೊನ್ನೆ ಎಲ್ಲವೂ ಬಿಡಿ ಬಿಡಿ, ಒಟ್ಟು 12 ಸಂಕೇತ. ಅವನ್ನು ಉಳಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್, ಅಂದರೆ 36 ಬೈಟ್. ಡೇಟಾಬೇಸ್ ಖಾನೆಯ ಮಿತಿ 30 ಬೈಟ್ ಇದ್ದರೆ ಹತ್ತು ಸಂಕೇತಕ್ಕೆ ಕತ್ತರಿ ಬಿದ್ದು ‘ಶ್ರೀರಂಗಪಟ್’ ಉಳಿಯುತ್ತದೆ. ನಿಮ್ಮ ಡೇಟಾಬೇಸ್ ಮಿತಿಯನ್ನು ಬೈಟ್‌ನಲ್ಲಿ ಎಣಿಸುತ್ತದೆಯೋ ಸಂಕೇತದಲ್ಲೋ ಮೊದಲು ತಿಳಿದುಕೊಳ್ಳಿ.

ಹುಡುಕಾಟಕ್ಕೆ ಬಂದರೆ, ‘ಕೊ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿಗಳಿವೆ. ಕ ಜೊತೆಗೆ ಒಂದೇ ಚಿಹ್ನೆಯಾಗಿ ಒಕಾರ, ಇಲ್ಲವೇ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಒಂದರ ಹಿಂದೊಂದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಬಿಟ್ಟರೆ ಇದು ತೀರಿತು. ಎರಡನೆಯದು ಕಣ್ಣಿಗೆ ಕಾಣದ ಬಿಡಿಸುವ ಸಂಕೇತ. ‘ಸಾಫ್ಟ್‌ವೇರ್’ ಎಂಬಲ್ಲಿ ವೇ ಒತ್ತಾಗದಂತೆ ಹಿಡಿದಿರುವುದು ಅದೇ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಮೂಲದಲ್ಲಿ ಹಾಗೇ ಇರಲಿ, ಹುಡುಕಲೆಂದೇ ಅದನ್ನು ತೆಗೆದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಮೂರನೆಯದಕ್ಕೆ ಯಾವ ಏಕರೂಪವೂ ಒದಗುವುದಿಲ್ಲ: ಎಚ್.ಡಿ. ಕೋಟೆ, ಹೆಚ್.ಡಿ. ಕೋಟೆ, ಹೆಗ್ಗಡದೇವನಕೋಟೆ, ಟಿ. ನರಸೀಪುರ, ತಿ. ನರಸೀಪುರ, ಕೆ.ಆರ್. ಪೇಟೆ, ಕೃಷ್ಣರಾಜಪೇಟೆ. ಇದಕ್ಕೆ ಪರ್ಯಾಯ ಹೆಸರುಗಳ ಕೋಷ್ಟಕವೇ ಗತಿ.

ಶಾಲೆಯವರು ಕೊಟ್ಟ ಹಳೆ ಪಟ್ಟಿ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿದ್ದರೆ ಅದನ್ನು ಪರಿವರ್ತಿಸಿಯೇ ಸೇರಿಸಬೇಕು. ಆ ಫಾಂಟುಗಳಲ್ಲಿ ಅರ್ಕಾವತ್ತು ಕಂಡ ಹಾಗೆ ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಪರಿವರ್ತಕಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ. ಸೂರ್ಯ, ಕೃಷ್ಣ, ಜ್ಞಾನ, ಲಕ್ಷ್ಮಿ, ಶ್ರೀರಂಗಪಟ್ಟಣ ಇಷ್ಟು ಪದ ಸರಿಯಾಗಿ ಬಂದವೇ ನೋಡಿ.

ಎಸ್‌ಎಂಎಸ್ ವಿಷಯ. ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದರೆ ಒಂದು ಸಂದೇಶಕ್ಕೆ 160. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. 70 ದಾಟಿದರೆ ತುಂಡುಗಳಾಗುತ್ತದೆ, ತುಂಡಿಗೆ 67ರಂತೆ. ಎಣಿಕೆ ನಡೆಯುವುದು ಮೇಲೆ ಹೇಳಿದ ಸಂಕೇತಗಳಲ್ಲಿ, ಹಾಗಾಗಿ ಊರಿನ ಹೆಸರೊಂದೇ 12 ನುಂಗುತ್ತದೆ. ಪೂರ್ತಿ ಇಂಗ್ಲಿಷಿನಲ್ಲಿ ಬರೆದ ಶುಲ್ಕದ ಸಂದೇಶದಲ್ಲಿ ₹ ಚಿಹ್ನೆ ಇದ್ದರೂ ಸಾಕು, ಮಿತಿ 70 ಆಗುತ್ತದೆ. ₹ ಬದಲು ‘Rs’ ಎಂದು ಇಂಗ್ಲಿಷಿನ ಎರಡಕ್ಷರ ಹಾಕಿದರೆ ಬಿಲ್ ಇಳಿಯುತ್ತದೆ. ಅತಿ ಉದ್ದದ ಹೆಸರು, ಅತಿ ಉದ್ದದ ಊರು, ಐದಂಕಿ ಶುಲ್ಕ ಸೇರಿಸಿ ಸಂದೇಶದ ಉದ್ದ ಅಳೆಯುವ ಟೆಸ್ಟ್ ಬರೆಯಿರಿ.

ನೀವು ಕೇಳದಿದ್ದರೂ ಒಂದು: ‘ಕೊನೆಯ ಹೆಸರು’ ಖಾನೆಯನ್ನು ಕಡ್ಡಾಯ ಮಾಡಿದ್ದರೆ ತೆಗೆಯಿರಿ. ಹಳೆ ಮೈಸೂರು ಕಡೆ ಬಹುತೇಕರಿಗೆ ಇನಿಷಿಯಲ್ ಮತ್ತು ಒಂದು ಹೆಸರು. ಕಡ್ಡಾಯ ಮಾಡಿದರೆ ಚುಕ್ಕೆ ಹಾಕುತ್ತಾರೆ ಅಥವಾ ಅದೇ ಹೆಸರನ್ನು ಮತ್ತೊಮ್ಮೆ ಬರೆಯುತ್ತಾರೆ, ಆಮೇಲೆ ಆಧಾರ್ ಜೊತೆ ಹೊಂದುವುದಿಲ್ಲ. ‘ದಾಖಲೆಯಲ್ಲಿರುವ ಪೂರ್ತಿ ಹೆಸರು’ ಎಂದು ಒಂದೇ ಖಾನೆ ಸಾಕು.

ಪ್ರ: ಗೊಬ್ಬರದ ಅಂಗಡಿಗಳ ಉದ್ರಿ ಲೆಕ್ಕದ ಆ್ಯಪ್ ನಮ್ಮದು. ನೆಟ್‌ವರ್ಕ್ ನಿಧಾನವಾದಾಗ ಒಂದೇ ಉದ್ರಿ ಎರಡು ಸಲ ಬೀಳುತ್ತದೆ. ಒತ್ತಿದ ಕೂಡಲೇ ಬಟನ್ ಮಂಕಾಗುವಂತೆ ಮಾಡಿದರೂ ನಿಲ್ಲಲಿಲ್ಲ. — ಮದ್ದೂರು

ಉ: ನಿಲ್ಲುವುದಿಲ್ಲ. ಬೆರಳು ಎರಡು ಸಲ ಒತ್ತುವುದು ಒಂದು ಕಾರಣ ಮಾತ್ರ. ಮಾಹಿತಿ ಸರ್ವರ್ ಮುಟ್ಟಿ, ಉದ್ರಿ ದಾಖಲಾಗಿ, ‘ಆಯಿತು’ ಎಂಬ ಉತ್ತರ ಮರಳುವಾಗ ನೆಟ್‌ವರ್ಕ್ ಬಿದ್ದರೆ ಫೋನಿಗೆ ಅದು ಗೊತ್ತಾಗುವುದಿಲ್ಲ. ಆ್ಯಪ್ ತಾನಾಗಿ ಮತ್ತೆ ಕಳಿಸುತ್ತದೆ, ಅಥವಾ ಅಂಗಡಿಯವರು ಆ್ಯಪ್ ಮುಚ್ಚಿ ತೆರೆದು ಮತ್ತೆ ಬರೆಯುತ್ತಾರೆ.

ಹೊಸ ಉದ್ರಿಯ ಪರದೆ ತೆರೆದಾಗಲೇ ಫೋನಿನಲ್ಲಿ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ, ಫೋನಿನಲ್ಲೇ ಉಳಿಸಿ, ಪ್ರತಿ ಸಲವೂ ಅದನ್ನೇ ಕಳಿಸಿ. ಡೇಟಾಬೇಸ್‌ನಲ್ಲಿ ಆ ಸಂಖ್ಯೆ ಎರಡನೇ ಸಲ ಕೂರದಂತೆ ನಿರ್ಬಂಧ ಹಾಕಿ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ‘ತಪ್ಪು’ ಎನ್ನದೆ ಮೊದಲ ಸಲದ ಉತ್ತರವನ್ನೇ ಕೊಡಲಿ. ಒಂದೇ ಹೆಸರು, ಒಂದೇ ಮೊತ್ತ, ಹತ್ತಿರದ ಸಮಯ ನೋಡಿ ನಕಲು ಎಂದು ತೀರ್ಮಾನಿಸುವ ಅಡ್ಡದಾರಿ ಹಿಡಿಯಬೇಡಿ. ಒಂದು ಮೂಟೆ ಯೂರಿಯಾ ಒಯ್ದವರು ಸ್ವಲ್ಪ ಹೊತ್ತಿಗೆ ಬಂದು ಇನ್ನೊಂದು ಮೂಟೆ ಒಯ್ಯುವುದು ನಾಟಿಯ ಕಾಲದಲ್ಲಿ ಮಾಮೂಲು.

ಟೆಸ್ಟ್ ಮಾಡುವಾಗ ಸಂಪರ್ಕವನ್ನು ಮೂರು ಜಾಗದಲ್ಲಿ ಕಡಿಯಿರಿ: ಸರ್ವರ್ ಮುಟ್ಟುವ ಮೊದಲು, ದಾಖಲಾದ ಮೇಲೆ ಉತ್ತರ ಹೊರಡುವ ಮೊದಲು, ಉತ್ತರ ಬಂದು ಪರದೆ ಬದಲಾಗುವ ಮೊದಲು. ನಡುವಿನದನ್ನು ಕೈಯಲ್ಲಿ ಮಾಡುವುದು ಕಷ್ಟ. ಟೆಸ್ಟ್ ಸರ್ವರ್‌ನಲ್ಲಿ ದಾಖಲಾದ ನಂತರ 15 ಸೆಕೆಂಡ್ ತಡೆಯುವ ಸಾಲೊಂದು ಸೇರಿಸಿ, ಆ ಹೊತ್ತಿನಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕಾಯಿಸುವ ಪರದೆಯನ್ನೂ ಗಮನಿಸಿ. 1 ಸೆಕೆಂಡ್ ದಾಟಿದರೆ ಕೆಲಸದ ಓಘ ಕಡಿಯುತ್ತದೆ, 10 ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ ಎಂಬುದು ಈ ವಿದ್ಯೆಯಲ್ಲಿ ಹಳೆಯ ಅಳತೆ. ‘ಫೋನಿನಲ್ಲಿ ಉಳಿದಿದೆ, ನೆಟ್ ಬಂದಾಗ ಹೋಗುತ್ತದೆ’ ಎಂಬ ಸಾಲು ಬರೀ ತಿರುಗುವ ಚಕ್ರಕ್ಕಿಂತ ಎಷ್ಟೋ ವಾಸಿ.

ಪ್ರ: ಹಾಲಿನ ತೂಕ-ಲೆಕ್ಕದ ಹಳೆ ಕೋಡನ್ನೇ ಕಬ್ಬಿನ ತೂಕಕ್ಕೆ ಬಳಸುತ್ತಿದ್ದೇವೆ. ವರ್ಷಗಟ್ಟಲೆ ತೊಂದರೆ ಕೊಡದ ಕೋಡ್. ಮತ್ತೆ ಟೆಸ್ಟ್ ಬೇಕೇ? — ಪಾಂಡವಪುರ

ಉ: ಬೇಕು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡಿಗೆ ಸಿಡಿಯಿತು. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ಕೋಡನ್ನೇ ಅದರಲ್ಲೂ ಬಳಸಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗಕ್ಕೆ ಸಂಬಂಧಿಸಿದ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸದಷ್ಟು ದೊಡ್ಡದಾಯಿತು. ಕೋಡ್ ಕೆಟ್ಟಿರಲಿಲ್ಲ, ಅದರೊಳಗೆ ಬರುವ ಸಂಖ್ಯೆ ಬದಲಾಗಿತ್ತು.

ಚಿಹ್ನೆಸಹಿತ 16 ಬಿಟ್ ಖಾನೆಯ ಗರಿಷ್ಠ 32,767. ಹಾಲಿನ ಲೀಟರಿಗೆ ಅದು ಧಾರಾಳ. ಕಿಲೋ ಲೆಕ್ಕದಲ್ಲಿ ಕಬ್ಬಿಗೆ ಬಂದರೆ 33 ಟನ್ ದಾಟಿದ ತುಂಬಿದ ಲಾರಿಯ ತೂಕ ಹಿಡಿಸದು, ಒಬ್ಬ ರೈತರ ಹಂಗಾಮಿನ ಒಟ್ಟು ತೂಕವಂತೂ ಹಿಡಿಸುವುದೇ ಇಲ್ಲ. ಲೀಟರನ್ನು ಕಿಲೋಗೆ ತಿರುಗಿಸುವ ಸುಮಾರು 1.03 ಎಂಬ ಗುಣಕ ಹಾಲಿನ ಕೋಡಿನಲ್ಲಿ ಎಲ್ಲೋ ಅಡಗಿರುತ್ತದೆ, ಹುಡುಕಿ ತೆಗೆಯಿರಿ. ಹಾಲು ಬೆಳಿಗ್ಗೆ, ಸಂಜೆ ಎಂಬ ಎರಡು ಸರದಿಯಲ್ಲಿ ಬರುತ್ತದೆ. ಕಬ್ಬಿನ ಗಾಡಿ ರಾತ್ರಿ 11.50ಕ್ಕೆ ತುಂಬಿದ ತೂಕ ಕೊಟ್ಟು, ಖಾಲಿ ತೂಕವನ್ನು 12.20ಕ್ಕೆ, ಅಂದರೆ ಮರುದಿನದ ತಾರೀಕಿಗೆ ಕೊಡುತ್ತದೆ. ತಾರೀಕು ಹಿಡಿದು ಎರಡನ್ನೂ ಜೋಡಿಸುವ ಕೋಡ್ ಆಗ ಖಾಲಿ ಗಾಡಿಯನ್ನು ಕಳೆದುಕೊಳ್ಳುತ್ತದೆ.

ಪ್ರ: ನಾನು ಟೆಸ್ಟರ್. ಬಗ್ ಬರೆದರೆ ಡೆವಲಪರ್ ‘ನನ್ನ ಮೆಷಿನ್‌ನಲ್ಲಿ ಬರ್ತಿಲ್ಲ’ ಎಂದು ಮುಚ್ಚಿಬಿಡುತ್ತಾರೆ. — ಹೆಬ್ಬಾಳ, ಮೈಸೂರು

ಉ: ‘ರಸೀದಿ ಬರುತ್ತಿಲ್ಲ’ ಎಂದು ಬರೆದಿದ್ದರೆ ಮುಚ್ಚುವುದು ಸಹಜ. ಹೀಗೆ ಬರೆದು ನೋಡಿ: ‘ಆವೃತ್ತಿ 2.4.1, ಆಂಡ್ರಾಯ್ಡ್ 10, 2 ಜಿಬಿ ರ‍್ಯಾಮ್, ಫೋನಿನ ಭಾಷೆ ಕನ್ನಡ. ಹಂತ: ಲಾಗಿನ್, ಸದಸ್ಯ 112, ಮೊತ್ತ 1,05,000, ರಸೀದಿ. ಬರಬೇಕಾದದ್ದು: ರಸೀದಿಯಲ್ಲಿ 1,05,000. ಬಂದದ್ದು: ಖಾಲಿ ಪುಟ. ಐದು ಸಲದಲ್ಲಿ ಐದೂ ಸಲ. ಮೊತ್ತ 99,999 ಇದ್ದಾಗ ಸರಿ ಬರುತ್ತದೆ. ಭಾಷೆ ಇಂಗ್ಲಿಷ್ ಮಾಡಿದರೂ ಸರಿ ಬರುತ್ತದೆ.’ ಕೊನೆಯ ಎರಡು ವಾಕ್ಯಕ್ಕೆ ಬೆಲೆ ಹೆಚ್ಚು. ತಪ್ಪು ಎಲ್ಲಿ ಬರುವುದಿಲ್ಲ ಎಂದು ಹೇಳಿದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಿರಿದಾಗುತ್ತದೆ. ಐದರಲ್ಲಿ ಎರಡು ಸಲ ಮಾತ್ರ ಬಂದರೆ ಅದನ್ನೂ ಹಾಗೇ ಬರೆಯಿರಿ, ಮುಚ್ಚಿಡಬೇಡಿ.

ತೀವ್ರತೆ ಮತ್ತು ತುರ್ತನ್ನು ಬೇರೆ ಬೇರೆ ಗುರುತಿಸಿ. ಮುಖಪುಟದಲ್ಲಿ ಗ್ರಾಹಕ ಸಂಸ್ಥೆಯ ಹೆಸರಿಗೆ ಒತ್ತು ತಪ್ಪಿದ್ದರೆ ತೀವ್ರತೆ ಕಡಿಮೆ, ತುರ್ತು ಹೆಚ್ಚು. ವರ್ಷಕ್ಕೊಮ್ಮೆ ಓಡುವ ವರದಿ ಕುಸಿದರೆ ಇದರ ತಿರುವುಮುರುವು. ತೀವ್ರತೆ ಟೆಸ್ಟರ್ ಹೇಳಲಿ, ತುರ್ತನ್ನು ಉತ್ಪನ್ನದ ಹೊಣೆ ಹೊತ್ತವರು ಹೇಳಲಿ.

ಪ್ರ: ಬಳಕೆದಾರರಿಂದ ಐದು ನಕ್ಷತ್ರದ ಅಂಕ ತೆಗೆದುಕೊಂಡರೆ ಸಾಲದೇ? — ಶ್ರೀರಂಗಪಟ್ಟಣ

ಉ: ಸಾಲದು, ಯಾಕೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಅಂಕವೇ ಬೇಕಿದ್ದರೆ ಬಳಸಲು ಎಷ್ಟು ಸುಲಭ ಎಂದು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಎಸ್‌ಯುಎಸ್ ಮಾಪಕ ಬಳಸಿ. ಹತ್ತು ಹೇಳಿಕೆ, ಒಂದೊಂದಕ್ಕೂ 1ರಿಂದ 5. ಬೆಸ ಸಂಖ್ಯೆಯ ಹೇಳಿಕೆಗಳಲ್ಲಿ ಅಂಕದಿಂದ 1 ಕಳೆಯಿರಿ, ಸಮ ಸಂಖ್ಯೆಯವುಗಳಲ್ಲಿ 5ರಿಂದ ಅಂಕ ಕಳೆಯಿರಿ, ಎಲ್ಲ ಕೂಡಿ 2.5ರಿಂದ ಗುಣಿಸಿ. ಬರುವುದು 0ರಿಂದ 100ರೊಳಗೆ, ಆದರೆ ಶೇಕಡಾವಾರು ಅಲ್ಲ. ಸರಾಸರಿ 68 ಎಂದು ಹಿಡಿಯುತ್ತಾರೆ. ಒಂದು ಬಿಟ್ಟು ಒಂದು ಹೇಳಿಕೆ ನೇತ್ಯಾತ್ಮಕವಾಗಿರುವುದರಿಂದ ಕನ್ನಡಕ್ಕೆ ತಂದಾಗ ಜನ ಗೊಂದಲಕ್ಕೆ ಬೀಳುತ್ತಾರೆ, ಗಟ್ಟಿಯಾಗಿ ಓದಿ ಹೇಳಿ.

ಪ್ರ: ಟೆಸ್ಟ್ ಕವರೇಜ್ ಶೇ. 100 ಆದ ಮೇಲೆ ಬಿಡುಗಡೆ ಮಾಡಬೇಕೆಂದು ತಂಡದವರ ಹಟ. ನನಗೆ ಕಾಯಲು ಆಗುತ್ತಿಲ್ಲ. — ವಿಜಯನಗರ, ಮೈಸೂರು

ಉ: ಈ ವಿಷಯದಲ್ಲಿ ನಾವು ನಿಮ್ಮ ಕಡೆ, ಆದರೆ ಪೂರ್ತಿ ಅಲ್ಲ. ಕವರೇಜ್ ಹೇಳುವುದು ಯಾವ ಸಾಲುಗಳು ಓಡಿದವು ಎಂದಷ್ಟೇ, ಸರಿಯಾಗಿ ಓಡಿದವೇ ಎಂದಲ್ಲ. ಮೇಲಿನ ಗುಂಟೆಯ ಪ್ರೋಗ್ರಾಂ 1.10ರ ಒಂದೇ ಟೆಸ್ಟಿನಿಂದ ಶೇ. 100 ಮುಟ್ಟಬಲ್ಲದು. ಅದರ ಬದಲು ದುಡ್ಡು, ತೂಕ, ಲಾಗಿನ್ ಈ ಮೂರು ದಾರಿಗಳ ಅಂಚುಗಳೆಲ್ಲ ಟೆಸ್ಟ್ ಆಗಿವೆಯೇ ಎಂದು ಕೇಳಿ.

ಬಿಡುವಾಗ ಎಲ್ಲರಿಗೂ ಒಟ್ಟಿಗೆ ಬಿಡಬೇಡಿ. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟನ್ನು ಶೇಕಡಾವಾರು ಬಿಡುವ ಸೌಲಭ್ಯ ಇದೆ. ಶೇ. 5ರಿಂದ ಶುರು ಮಾಡಿ, ಎರಡು ಮೂರು ದಿನ ನೋಡಿ ಏರಿಸಿ. ಬಳಕೆದಾರರ ಕಣ್ಣೆದುರೇ ಆ್ಯಪ್ ಕುಸಿಯುವ ಪ್ರಮಾಣ ದಿನದ ಬಳಕೆದಾರರಲ್ಲಿ ಶೇ. 1.09 ಮುಟ್ಟಿದರೆ, ಇಲ್ಲವೇ ಹೆಪ್ಪುಗಟ್ಟಿ ನಿಲ್ಲುವ ಪ್ರಮಾಣ ಶೇ. 0.47 ಮುಟ್ಟಿದರೆ, ಗೂಗಲ್ ಅದನ್ನು ಕೆಟ್ಟ ನಡವಳಿಕೆ ಎಂದು ಪರಿಗಣಿಸಿ ಆ್ಯಪ್ ಕಾಣಿಸುವುದನ್ನು ಕಡಿಮೆ ಮಾಡಬಹುದು. ಅಷ್ಟು ದೂರ ಹೋಗುವ ಮೊದಲೇ ನಿಲ್ಲಿಸುವ ಗೆರೆಯೊಂದನ್ನು ನೀವೇ ಎಳೆದುಕೊಳ್ಳಿ.

ಕೋಡ್ ಹಿಂದಕ್ಕೆ ಹಾಕುವುದು ಸುಲಭ, ಡೇಟಾಬೇಸ್ ಖಾನೆ ಅಳಿಸಿದರೆ ಹಿಂದಕ್ಕೆ ಬರುವುದಿಲ್ಲ. ಮೊದಲು ಹೊಸ ಖಾನೆ ಸೇರಿಸಿ, ಒಂದೆರಡು ಬಿಡುಗಡೆ ಹಳೆಯದನ್ನೂ ಇಟ್ಟುಕೊಂಡು, ಆಮೇಲೆ ತೆಗೆಯಿರಿ. ಬ್ಯಾಕಪ್ ಇದೆ ಎಂದರೆ ಸಾಲದು, ಅದರಿಂದ ಡೇಟಾ ಮರಳಿ ತಂದು ನೋಡಿದ್ದೀರಾ? ಬಿಡುಗಡೆಗೆ ಬಟವಾಡೆಯ ಹಿಂದಿನ ದಿನವೂ ಬೇಡ, ಶನಿವಾರ ಸಂಜೆಯೂ ಬೇಡ.

ಪ್ರ: ಗ್ರಾಹಕರ ನಿಜವಾದ ಡೇಟಾದಲ್ಲೇ ಟೆಸ್ಟ್ ಮಾಡಬಹುದೇ? — ಮಳವಳ್ಳಿ

ಉ: ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನ ಯಾವ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟರೋ ಅದಕ್ಕಷ್ಟೇ ಮಾಹಿತಿ ಬಳಸಬೇಕು. ಹೆಸರು ಬದಲಿಸಿ, ಫೋನ್ ನಂಬರ್ ಅಳಿಸಿ, ಆದರೆ ಡೇಟಾದ ಆಕಾರ ಹಾಗೇ ಉಳಿಸಿ: ಉದ್ದದ ಹೆಸರು ಉದ್ದವಾಗೇ, ಖಾಲಿ ಖಾನೆ ಖಾಲಿಯಾಗೇ, ‘ಬಿನ್’, ‘ಕೋಂ’ ಇದ್ದ ಕಡೆ ಅವೂ ಇರಲಿ. ನಂಬರ್ ಅಳಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಟೆಸ್ಟ್ ಸರ್ವರ್‌ನಲ್ಲಿ ಎಸ್‌ಎಂಎಸ್ ಸಂಪರ್ಕ ತೆಗೆಯಲು ಮರೆತರೆ ‘ನಿಮ್ಮ ಸಾಲ ಬಾಕಿ 99,999’ ಎಂಬ ಸಂದೇಶ ನಡುರಾತ್ರಿ ಯಾರದೋ ಮನೆಗೆ ಹೋಗುತ್ತದೆ.